ಹುಲ್ಲಿನ ಜಟ್ಟಿ

"ಉಸ್ತಾದರೇ, ಎರಡು ಸಲ ಲಸಿಕೆ ಹಾಕಿಸಿಕೊಂಡರೂ ನನಗೆ ಕೊರೋನಾ ಬಂತಲ್ಲ, ಮತ್ತೆ ಆ ಸೂಜಿ ಯಾತಕ್ಕೆ?" ಎಂದು ಶಿಷ್ಯ ಮಾದೇಶ ಕೇಳಿದ. ಮೂರು ದಿನ ಜ್ವರದಲ್ಲಿ ಮಲಗಿದ್ದವನು ಅಂದು ಎದ್ದು ಬಂದು ಗರಡಿಯ ಮಣ್ಣು ಹದ ಮಾಡುತ್ತಿದ್ದ. "ಬಂದದ್ದು ಹೊಸ ರೂಪದ್ದಂತೆ. ಅದಕ್ಕೇ ನಮ್ಮವ್ವನಿಗೆ ಸೂಜಿ ಬೇಡ ಅಂದುಬಿಟ್ಟೆ."

ನನಗೆ ಮೈಯೆಲ್ಲ ಉರಿಯಿತು. ಆದರೂ ಕತೆಯನ್ನೇ ಹೇಳಿದೆ.

ಕತ್ತು ಹಿಸುಕುವ ಒಬ್ಬ ಜಟ್ಟಿಯಿದ್ದ. ಅವನನ್ನು ಚಿತ್ ಮಾಡಿದವನು ಈ ಭೂಮಿಯ ಮೇಲೆ ನಾನೊಬ್ಬನೇ. ಅವನು ಬಿದ್ದ ಸದ್ದಿಗೆ ಮೂರು ಊರಿನ ಗಬ್ಬದ ಎಮ್ಮೆಗಳು ನಿಂತಲ್ಲೇ ಕರು ಹಾಕಿದವು. ಅದನ್ನು ಕಂಡವರೆಲ್ಲ ಮಣ್ಣಾದರು, ನಾನು ಉಳಿದಿದ್ದೇನೆ.

ಆ ಜಟ್ಟಿಗೆ ಗೊತ್ತಿದ್ದದ್ದು ಒಂದೇ ಪಟ್ಟು. ಎದುರಿನಿಂದ ಕತ್ತು ಹಿಡಿಯುತ್ತಿದ್ದ. ಹಿಡಿದರೆ ಎಷ್ಟೋ ಜನರ ಉಸಿರು ನಿಲ್ಲುತ್ತಿತ್ತು. ಒಬ್ಬ ಗುರು ಹುಲ್ಲಿನಲ್ಲಿ ಒಂದು ಜಟ್ಟಿಯನ್ನು ಕಟ್ಟಿದ. ಅದರ ತೋಳನ್ನು ಅದೇ ಪಟ್ಟಿಗೆ ಬಗ್ಗಿಸಿದ. ಹುಲ್ಲಿನ ತೋಳು ಯಾರನ್ನೂ ಕೊಲ್ಲದು. ಹುಡುಗರು ಒಬ್ಬೊಬ್ಬರಾಗಿ ಅದಕ್ಕೆ ಕತ್ತು ಕೊಟ್ಟು, ಬಿಡಿಸಿಕೊಳ್ಳುವುದನ್ನು ಕಲಿತರು. ಮೊದಲು ಕತ್ತು ಕೊಟ್ಟವನು ನಮ್ಮ ತಾತ. ಅವನಿಗಿನ್ನೂ ಮೀಸೆ ಮೂಡಿರಲಿಲ್ಲ.

"ಎಲ್ಲರೂ ಕಲಿಯುವವರೆಗೆ ಗರಡಿಗಳ ಬಾಗಿಲು ಹಾಕಿ. ಯಾವ ಊರಲ್ಲೂ ಅವನಿಗೆ ಜೋಡಿ ಕಟ್ಟಬೇಡಿ" ಎಂದು ಗುರು ಸಾರಿದ. ಜೋಡಿ ಸಿಗದೆ ಜಟ್ಟಿ ಸೊರಗಿದ.

ಪಕ್ಕದೂರಿನವರಿಗೆ ತಡೆಯಲಿಲ್ಲ. ಗೊಂಬೆಯ ಜೊತೆ ಎಂಥ ಕುಸ್ತಿ ಎಂದು ಬಾಗಿಲು ತೆಗೆದರು, ತಮಟೆ ಬಡಿಸಿದರು, ಏನೂ ಕಲಿಯದ ನಲವತ್ತು ಹುಡುಗರನ್ನು ಜಟ್ಟಿಯ ಮುಂದೆ ನಿಲ್ಲಿಸಿದರು. ನಾಚಿಕೆಗೆಟ್ಟವರು! ಎಷ್ಟು ಕುಸ್ತಿಯೋ ಅಷ್ಟು ಸಲ ಕೈ ಜಾರುತ್ತದೆ. ಮೂವತ್ತೊಂಬತ್ತನೆಯವನ ಬೆವರಿಗೆ ಜಟ್ಟಿಯ ಕೈ ಜಾರಿ ಕತ್ತಿನ ಹಿಂದೆ ಹೋಗಿ ಕೂತಿತು. ಅವನು ಬೇಕೆಂದು ಮಾಡಿದ್ದಲ್ಲ. ಜಾರಿದ್ದೇ ಹೊಸ ಪಟ್ಟಾಯಿತು. ಆ ನಲವತ್ತರಲ್ಲಿ ಹತ್ತು ಹುಡುಗರು ಮತ್ತೆ ಏಳಲೇ ಇಲ್ಲ.

ಹೊಸ ಪಟ್ಟು ಹೊತ್ತು ಜಟ್ಟಿ ಕಲಿತವರ ಗರಡಿಗೂ ನುಗ್ಗಿದ. ಅವರೂ ಬಿದ್ದರು. ಆದರೆ ಒಂದು ಪಟ್ಟು ಬಿಡಿಸಿ ಗೊತ್ತಿದ್ದ ಕತ್ತು ಇನ್ನೊಂದನ್ನೂ ಅರ್ಧ ಬಿಡಿಸಿಕೊಂಡಿತು. ಹೆಚ್ಚಿನವರು ಮಣ್ಣು ಕೊಡವಿ ಎದ್ದರು. ಆಗ ಪಕ್ಕದೂರಿನವರೇ ಬಂದು, "ನಿಮ್ಮ ಹುಲ್ಲು ಏನು ಕಡಿದು ಕಟ್ಟೆ ಹಾಕಿತು?" ಎಂದರು. ಜಟ್ಟಿಗೆ ಹೊಸ ಪಟ್ಟು ಕಲಿಸಿದವರು ಇವರು, ಬೈಸಿಕೊಂಡದ್ದು ಹುಲ್ಲು! ಗುರು ತಿರುಗಿಯೂ ನೋಡಲಿಲ್ಲ. ಹುಲ್ಲಿನ ತೋಳು ಬಿಚ್ಚಿ, ಹೊಸ ಪಟ್ಟಿಗೆ ಬಗ್ಗಿಸಿ ಕಟ್ಟುತ್ತ ಕೂತ.

ಮಾದೇಶ ಗುದ್ದಲಿಗೆ ಒರಗಿ ಕಿಸಕ್ಕನೆ ನಕ್ಕ. "ಉಸ್ತಾದರೇ, ನಿಮ್ಮ ತಾತನಿಗೇ ಮೀಸೆ ಬಂದಿರಲಿಲ್ಲ ಅಂತೀರಿ. ಆ ಜಟ್ಟಿಯನ್ನು ನೀವು ಯಾವಾಗ ಕೆಡವಿದಿರಿ?"

ನಾನು ಹೆಗಲು ಕುಣಿಸಿದೆ.

"ನನ್ನ ಸುಳ್ಳಿಗೆ ಯಾರ ಉಸಿರೂ ನಿಂತಿಲ್ಲ ಕಣೋ, ನಿನ್ನ ಮಾತು ನಂಬಿದ ನಿಮ್ಮವ್ವ ಹುಲ್ಲಿಗೂ ಕತ್ತು ಕೊಡದೆ ಕೂತಿದ್ದಾಳೆ."