ನಿರ್ಮಾಲ್ಯದ ಪಾಲು

ವನಜಮ್ಮನ ಹಿತ್ತಲಲ್ಲಿ ದಾಸವಾಳವೂ ಕರಿಬೇವೂ ಅಕ್ಕಪಕ್ಕದಲ್ಲಿದ್ದವು. ವನಜಮ್ಮ ಬೆಳಿಗ್ಗೆ ದಾಸವಾಳದ ಹೂ ಕೊಯ್ದು ದೇವರಿಗೆ ಏರಿಸುತ್ತಿದ್ದರು. ಮರುದಿನ ಆ ಬಾಡಿದ ನಿರ್ಮಾಲ್ಯವನ್ನು ಯಾರೂ ತುಳಿಯಬಾರದೆಂದು ಕರಿಬೇವಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚುತ್ತಿದ್ದರು. ಕರಿಬೇವು ದಟ್ಟವಾಗಿ ಚಿಗುರಿತು.

ದಾಸವಾಳಕ್ಕೆ ಹೊಟ್ಟೆ ಉರಿಯಿತು. "ಹೆರುವವಳು ನಾನು, ಕೊಬ್ಬುವವಳು ನೀನು. ಇನ್ನು ನನ್ನ ಒಂದು ಹೂವೂ ನಿನ್ನ ಬುಡ ಸೇರದು" ಎಂದು ಮೊಗ್ಗು ಬಿಡುವುದನ್ನೇ ನಿಲ್ಲಿಸಿತು.

"ಹೂವಿಲ್ಲ ಸ್ವಾಮಿ, ಅಕ್ಷತೆಯಲ್ಲೇ ತೃಪ್ತನಾಗು" ಎಂದು ವನಜಮ್ಮ ದೇವರಿಗೆ ಕೈಮುಗಿದರು. ಕರಿಬೇವಿನ ಬುಡ ಬರಿದಾಯಿತು, ಚಿಗುರು ನಿಂತಿತು. ದಾಸವಾಳ ಒಳಗೊಳಗೇ ಹಿಗ್ಗಿತು. ಆದರೆ ಕೆಲವೇ ದಿನಗಳಲ್ಲಿ ಅದರ ಎಲೆಗಳೂ ಹಳದಿಯಾದವು.

"ನನಗೇನಾಯಿತು?" ಎಂದಿತು ದಾಸವಾಳ.

"ಅಕ್ಕಾ, ನಿನ್ನ ಬೇರು ನನ್ನ ಬುಡಕ್ಕೆ ಬಂದು ಎಷ್ಟೋ ಕಾಲವಾಯಿತು" ಎಂದಿತು ಕರಿಬೇವು. "ಆ ಹೂಗಳು ಕೊಳೆತು ಗೊಬ್ಬರವಾದಾಗ ನಾವಿಬ್ಬರೂ ಕೂಡಿಯೇ ಉಣ್ಣುತ್ತಿದ್ದೆವು. ನೀನು ತಪ್ಪಿಸಿದ್ದು ನಿನ್ನ ಊಟವನ್ನೂ."

ದಾಸವಾಳ ಬಹಳ ಹೊತ್ತು ಯೋಚಿಸಿತು. ಕೊನೆಗೆ ಕೇಳಿತು: "ಹೆಚ್ಚು ಉಂಡವರು ಯಾರು?"