ಬುಡೇನ್ ಸಾಬಣ್ಣ ನೋಡಿ ಬಿಟ್ಟ ಸೈಕಲ್ಲು

ಬಲು ಹಿಂದೆ ಕಣ್ರಪ್ಪಾ, ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ, ಒಂದೂರಲ್ಲಿ ಬುಡೇನ್ ಸಾಬ ಅಂತ ಒಬ್ಬ ಸೈಕಲ್ ರಿಪೇರಿಯವನಿದ್ದ. ಊರು ಅಂದ್ರೆ ಬೇರೆ ಯಾವುದೋ ಅಲ್ಲ, ಎಮ್ಮೆಗುಂಡಿನ ಬೆಟ್ಟದ ಬುಡದ ಈ ಊರೇ. ಆಗ ಇಲ್ಲಿದ್ದಿದ್ದು ನಲವತ್ತು ಮನೆ, ಬೆಟ್ಟದ ತುಂಬ ಸೀತಾಫಲದ ಗಿಡ, ಮನೆಗಿಂತ ದೊಡ್ಡ ದೊಡ್ಡ ಗುಂಡುಕಲ್ಲು. ಊರ ಮುಂದಿನ ಹೊಂಗೆಮರದ ಕೆಳಗೆ ಗೋಣಿಚೀಲ ಹಾಸ್ಕೊಂಡು, ಒಂದು ಪಂಪು, ನಟ್ಟು ಬಿಚ್ಚೋ ಎರಡು ಪಾನಾ, ಪಂಕ್ಚರ್ ನೋಡೋಕೆ ಒಂದು ಬೋಗುಣಿ ನೀರು ಇಟ್ಕೊಂಡು ಕೂತಿರ್ತಿದ್ದನಂತೆ. ಅವನ ಕಿವಿ ಎಂಥದು ಅಂದ್ರೆ, ಮೂರು ತಿರುವು ಮೇಲೆ ಬರೋ ಸೈಕಲ್ಲಿನ ಸದ್ದು ಕೇಳಿ, ಇದರ ಹಿಂದಿನ ಚಕ್ರದಲ್ಲಿ ಒಂದು ಕಡ್ಡಿ ಸಡಿಲ ಅಂತ ಕೂತಲ್ಲೇ ಹೇಳ್ತಿದ್ದನಂತೆ. ಜನ ಮೂರು ತಿರುವು ಅಂತಾರೆ. ನಾನು ಎರಡು ಅಂತೀನಿ. ಎರಡೇನು ಕಮ್ಮಿಯೇ?

ಒಂದು ದಿನ ಮೂರು ಜನ ಪರಸ್ಥಳದವರು ದಪ್ಪ ಚಕ್ರದ ಸೈಕಲ್ಲುಗಳನ್ನ ಹೆಗಲ ಮೇಲೆ ಹೊತ್ಕೊಂಡು ಬೆಟ್ಟ ಹತ್ತಿದರಂತೆ. ಸೈಕಲ್ಲು ಮನುಷ್ಯನನ್ನ ಹೊರಬೇಕೋ, ಮನುಷ್ಯ ಸೈಕಲ್ಲನ್ನ ಹೊರಬೇಕೋ ಅಂತ ಊರೆಲ್ಲ ಬಿದ್ದು ಬಿದ್ದು ನಕ್ಕಿತಂತೆ. ಹತ್ತಿದವರು ಮೇಕೆ ಜಾಡು ಹಿಡಿದು, ಕಲ್ಲಿಂದ ಕಲ್ಲಿಗೆ ಕುಪ್ಪಳಿಸಿಕೊಂಡು ಇಳಿದು ಬಂದಾಗ ನಗ್ತಿದ್ದ ಬಾಯಿಗಳೆಲ್ಲ ತೆರೆದ ಹಾಗೇ ನಿಂತುವಂತೆ. ಮೊಣಕೈ ತರಚಿ ರಕ್ತ ಬರ್ತಿದೆ, ಮುಖದಲ್ಲಿ ಮಾತ್ರ ಎಂಥಾ ಖುಷಿ! ಬುಡೇನ್ ಸಾಬ ಅವರ ಚಕ್ರದ ಬೆಂಡು ತೆಗೆದುಕೊಟ್ಟ. ಯಾರದೋ ಮನೆಯ ಮುದ್ದೆ, ಹುರುಳಿಕಾಳು ಸಾರು ಉಂಡು ಅವರು ಹೋದರು.

ಮುಂದಿನ ತಿಂಗಳು ಹತ್ತು ಜನ ಬಂದರು. ಆಮೇಲೆ ಮೂವತ್ತು. ಊರಿನ ಯಜಮಾನ ಚಿತ್ರಲಿಂಗಪ್ಪ ಬುದ್ಧಿವಂತ. ಮನೆಮನೆಗೂ ಹೋಗಿ, ಬಂದವರಿಗೆ ಒಂದು ಕೋಣೆ ಬಿಟ್ಟುಕೊಡಿ, ಸ್ನಾನಕ್ಕೆ ನೀರು ಕಾಯಿಸಿ ಕೊಡಿ, ದಾರಿ ತೋರಿಸೋಕೆ ಮನೆಗೊಬ್ಬರು ಹೋಗಿ ಅಂತ ವ್ಯವಸ್ಥೆ ಮಾಡಿದನಂತೆ. ಕೂಲಿ ಹುಡುಕ್ಕೊಂಡು ಗುಳೆ ಹೋಗಿದ್ದವರು ವಾಪಸ್ ಬಂದರಂತೆ. ಊರು ಬೆಟ್ಟದಿಂದ ಉಣ್ಣೋಕೆ ಶುರುಮಾಡಿತು.

ಅದರಲ್ಲೊಂದು ಎಡವಟ್ಟೂ ಆಯಿತು, ಕೇಳಿ. ನೆಂಟರು ಬರೋ ದಾರೀಲಿ ಕಲ್ಲು ಇರಬಹುದೇ ಅಂತ ಊರೋರೆಲ್ಲ ಸೇರಿ ಮೇಕೆ ಜಾಡಿನ ಕಲ್ಲೆಲ್ಲ ಕಿತ್ತುಹಾಕಿ, ಮಣ್ಣು ತುಂಬಿ, ಅಂಗಳದ ಹಾಗೆ ಗುಡಿಸಿ ಇಟ್ಟರಂತೆ. ಬಂದವರು ಸಪ್ಪೆ ಮೋರೆ ಹಾಕ್ಕೊಂಡು ಇಳಿದು ಹೋದರಂತೆ. ಯಾಕೆ ಅಂತ ಯಾರಿಗೂ ಹೊಳೀಲಿಲ್ಲ. ಬುಡೇನ್ ಸಾಬನೇ ಹೇಳಿದನಂತೆ, ಅಯ್ಯೋ ಹುಚ್ಚಪ್ಪಗಳಿರಾ, ಅವರು ಬರೋದೇ ಆ ಕಲ್ಲಿಗೆ, ಎತ್ಕೊಂಡು ಹೋಗಿ ಮೊದಲಿನ ಹಾಗೇ ಇಡಿ ಅಂತ. ಎರಡು ದಿನ ಊರಿಗೆ ಊರೇ ಕಲ್ಲು ಹೊತ್ತಿತು. ಅವತ್ತಿಂದ ಬೆಟ್ಟದ ವಿಷಯದಲ್ಲಿ ಸಾಬಣ್ಣನ ಮಾತೇ ಮಾತು.

ಅವನದೊಂದು ನೇಮ ಇತ್ತು. ಬೆಟ್ಟ ಹತ್ತೋ ಪ್ರತಿ ಸೈಕಲ್ಲೂ ಮೊದಲು ಅವನ ಕೈಗೆ ಬರಬೇಕು. ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ಒತ್ತಿ, ರಬ್ಬರನ್ನ ಉಗುರಲ್ಲಿ ಕೆರೆದು ನೋಡಿ, ಆಮೇಲೇ ಹೋಗು ಅನ್ನೋನು. ಸವೆದಿದ್ದರೆ ಎಂಥ ದೊಡ್ಡ ಮನುಷ್ಯನಾದರೂ ಸರಿ, ಇವತ್ತು ಬೇಡ ಸ್ವಾಮಿ, ಹೋಗಿ ಕಾಫಿ ಕುಡೀರಿ ಅಂತಿದ್ದನಂತೆ.

ಹೀಗಿರುವಾಗ ಒಂದು ಸಲ ಎಪ್ಪತ್ತು ಸೈಕಲ್ಲು ಒಟ್ಟಿಗೆ ಬಂದವು. ಅಷ್ಟು ಜನ ಯಾವತ್ತೂ ಬಂದಿರಲಿಲ್ಲ. ಹೊಂಗೆಮರದಿಂದ ಊರಬಾವಿವರೆಗೂ ಸಾಲು. ಯಜಮಾನ ಹಿಂದೆ ನಿಂತು, ಬೇಗ ಆಗಲಿ ಬುಡೇನು, ಬೇಗ ಆಗಲಿ ಅಂತ ಅವಸರ ಮಾಡ್ತಿದ್ದನಂತೆ. ಆ ಸಾಲಿನಲ್ಲಿ ಸಾವೇರಿ ಅಂತ ಒಬ್ಬ ಹುಡುಗಿ. ಇಪ್ಪತ್ತೆರಡು ವಯಸ್ಸಂತೆ. ಸಾಬಣ್ಣ ಅವಳ ಸೈಕಲ್ ನೋಡಿದ. ಹಿಂದಿನ ಬ್ರೇಕ್ ರಬ್ಬರು ಸವೆದು ಉಗುರಿನಷ್ಟು ಉಳಿದಿತ್ತು. ಆ ಅಳತೆಯ ರಬ್ಬರು ಅವನ ಡಬ್ಬಿಯಲ್ಲಿ ಖಾಲಿಯಾಗಿತ್ತು. ಮುಂದಿನದು ಚೆನ್ನಾಗಿದೆಯಲ್ಲ ಅಂದುಕೊಂಡ. ಆ ಮಗೂ ನಗುನಗ್ತಾ, ನಿಧಾನ ಹೋಗ್ತೀನಿ ಸಾಬಣ್ಣ ಅಂತು. ಹುಷಾರು ಕಣವ್ವಾ ಅಂದ. ಬಿಟ್ಟ.

ಜಾಡಿನ ನಡುವೆ ಅಜ್ಜಿಬಂಡೆ ಇದೆಯಲ್ಲ, ಗೋಡೆ ಥರ ಇಳಿಜಾರು, ಅಲ್ಲಿ ಅವಳ ಹಿಂದಿನ ಬ್ರೇಕು ಹಿಡೀಲಿಲ್ಲ. ಗಾಬರಿಯಲ್ಲಿ ಮುಂದಿನದೊಂದನ್ನೇ ಒತ್ತಿದಳು. ಸೈಕಲ್ಲು ಮೊಗಚಿತು. ಕೆಳಗೆ ಕಲ್ಲು. ಜನ ಓಡಿ ಹೋಗೋ ಹೊತ್ತಿಗೆ ಉಸಿರು ಇರಲಿಲ್ಲವಂತೆ. ಏನು ಹೇಳಲಿ, ಅವತ್ತು ಊರಲ್ಲಿ ಒಂದು ಒಲೆಯೂ ಉರೀಲಿಲ್ಲ.

ಮೂರನೇ ದಿನ ವಿಚಾರಣೆಗೆ ಸಾಹೇಬರು ಬರ್ತಾರೆ ಅಂತ ಸುದ್ದಿ ಬಂತು. ಯಜಮಾನ ಊರೋರನ್ನ ಕೂಡಿಸಿದ. ಅವನೇನು ಕೆಟ್ಟವನಲ್ಲ, ಅದನ್ನೂ ತಿಳ್ಕೊಳ್ಳಿ. ಹೋದ ಜೀವ ಬರಲ್ಲ, ಇರೋ ಜೀವಗಳ ಹೊಟ್ಟೆ ನೋಡಬೇಕು ಅಂದನಂತೆ. ನಮ್ಮವನ ತಪ್ಪು ಅಂದರೆ ಬೆಟ್ಟ ಮುಚ್ಚುತ್ತಾರೆ, ನಲವತ್ತು ಮನೆ ಮತ್ತೆ ಗುಳೆ ಹೋಗಬೇಕು. ಆದ್ದರಿಂದ ಹುಡುಗಿ ಮಾತು ಕೇಳದೆ ಜೋರಾಗಿ ಹೋದಳು ಅಂತ ಎಲ್ಲರೂ ಒಂದೇ ಬಾಯಲ್ಲಿ ಹೇಳಬೇಕು ಅಂದ. ಎಲ್ಲರೂ ತಲೆಯಾಡಿಸಿದರು. ಬುಡೇನ್ ಸಾಬನೂ ತಲೆ ಬಗ್ಗಿಸಿ ಕೂತಿದ್ದನಂತೆ.

ಸಾಹೇಬರು ಬಂದರು. ಜೊತೆಗೆ ಹುಡುಗಿಯ ಅಪ್ಪನೂ ಬಂದ. ಹೊಂಗೆಮರದ ಕೆಳಗೇ ಕುರ್ಚಿ ಹಾಕಿದರು. ಒಬ್ಬರಾದ ಮೇಲೆ ಒಬ್ಬರು ಹೇಳಿದರು, ಜೋರಾಗಿ ಹೋದಳು, ಕೂಗಿದರೂ ನಿಲ್ಲಲಿಲ್ಲ ಅಂತ. ಅಪ್ಪ ಎಲ್ಲಾ ಕೇಳಿಸಿಕೊಂಡ. ಕೊನೆಗೆ ಮೆತ್ತಗೆ, ನನ್ನ ಮಗಳು ಹಾಗೆ ಹೋಗೋಳಲ್ಲ ಅಂದ. ಆಮೇಲೆ, ಹೋಗಿದ್ದರೂ ಇರಬಹುದು ಅಂದ.

ಆ "ಇರಬಹುದು" ಅನ್ನೋ ಮಾತು ಇದೆಯಲ್ಲ, ಅದು ಬುಡೇನ್ ಸಾಬನ ಕರುಳು ಕಿತ್ತಿತಂತೆ. ಮಗೂನ ಪ್ರಾಣವೂ ಹೋಯಿತು, ಈಗ ಅದರ ಒಳ್ಳೇ ಹೆಸರನ್ನೂ ನಾವೇ ತೆಗೀತಿದ್ದೀವಲ್ಲ, ಯಾ ಅಲ್ಲಾ ಅಂತ ಎದ್ದು ನಿಂತನಂತೆ. ಯಜಮಾನ ಕಣ್ಣಲ್ಲೇ ಬೇಡ ಅಂದ. ಸಾಬಣ್ಣ ನೋಡಲಿಲ್ಲ. ಬಿದ್ದ ಸೈಕಲ್ಲಿಂದ ತೆಗೆದಿಟ್ಟಿದ್ದ ರಬ್ಬರಿನ ತುಂಡನ್ನ ಅಂಗೈ ಮೇಲಿಟ್ಟುಕೊಂಡು ಆ ಅಪ್ಪನ ಮುಂದೆ ಹೋದ.

"ಸ್ವಾಮಿ, ಇದನ್ನ ನಾನು ನೋಡಿದ್ದೆ. ನೋಡೀನೂ ಬಿಟ್ಟೆ. ನಿಮ್ಮ ಮಗಳದು ತಪ್ಪಿಲ್ಲ, ಬೆಟ್ಟದ್ದೂ ತಪ್ಪಿಲ್ಲ. ನಂದು."

ಅಪ್ಪ ಆ ರಬ್ಬರನ್ನ ತಗೊಂಡು, ತುಂಬಾ ಹೊತ್ತು ನೋಡಿ, ಮುಷ್ಟಿಯಲ್ಲಿ ಮುಚ್ಕೊಂಡು ಅತ್ತನಂತೆ. ಅಲ್ಲೀತನಕ ಅವನು ಅತ್ತೇ ಇರಲಿಲ್ಲವಂತೆ.

ಬೆಟ್ಟ ಮುಚ್ಚಿದರು. ಜಾಡಿಗೆ ಅಡ್ಡಲಾಗಿ ಮುಳ್ಳುತಂತಿ ಬಿತ್ತು. ಬಂದೋರು ಬಂದ ದಾರೀಲೇ ಹೋದರು. ಕೋಣೆಗಳು ಖಾಲಿ ಬಿದ್ದವು, ಅರ್ಧ ಊರು ಮತ್ತೆ ಗುಳೆ ಎದ್ದಿತು. ಬುಡೇನ್ ಸಾಬನ ಜೊತೆ ಯಾರೂ ಮಾತಾಡಲಿಲ್ಲ. ಪಂಕ್ಚರ್ ಹಾಕಿಸೋರು ಸಹ ಮೂರು ಮೈಲಿ ತಳ್ಕೊಂಡು ಬೇರೆ ಊರಿಗೆ ಹೋಗ್ತಿದ್ದರಂತೆ, ಇವನ ಹತ್ತಿರ ಬರ್ತಿರಲಿಲ್ಲ. ಅವನು ಮಾತ್ರ ದಿನಾ ಅದೇ ಗೋಣಿಚೀಲ ಹಾಸೋನು, ಅದೇ ಬೋಗುಣಿಗೆ ನೀರು ತುಂಬೋನು, ಸಂಜೆ ಚೆಲ್ಲೋನು. ಎರಡು ಮಳೆಗಾಲ ಹೀಗೇ ಕಳೀತು. ನಿಜ ಹೇಳಿದ್ದಕ್ಕೆ ಇಷ್ಟು ಶಿಕ್ಷೆಯೇನ್ರಪ್ಪಾ?

ಮೂರನೇ ವರ್ಷ ಆ ಅಪ್ಪ ಬಂದ. ಜೊತೇಲಿ ಮಗಳ ಗೆಳೆಯ ಗೆಳತಿಯರು ಹನ್ನೆರಡು ಜನ. ಕೈಯಲ್ಲಿ ಸಾವೇರಿಯ ಅದೇ ಸೈಕಲ್ಲು. ಸಾಬಣ್ಣನ ಮುಂದೆ ನಿಲ್ಲಿಸಿ, ಇದಕ್ಕೆ ಹೊಸ ರಬ್ಬರು ಹಾಕಿಕೊಡಪ್ಪಾ ಅಂದನಂತೆ. ಆ ಅಪ್ಪನೇ ಸಾಹೇಬರ ಬಾಗಿಲಿಗೆ ಅಲೆದಲೆದು ಬೆಟ್ಟದ ಮುಳ್ಳುತಂತಿ ತೆಗೆಸಿದ್ದನಂತೆ. ಎಷ್ಟೋ ಕಡೆ ಮಕ್ಕಳು ಬಿದ್ದಿದ್ದಾರೆ, ನಾನು ನೋಡಿದ್ದೆ, ತಪ್ಪು ನಂದು ಅಂತ ಎದ್ದು ನಿಂತವನು ಅಲ್ಲೊಬ್ಬನೇ ಇದ್ದಾನೆ, ಮಕ್ಕಳು ಇಳಿಯೋದಾದರೆ ಅಲ್ಲೇ ಇಳಿಯಲಿ ಅಂದಿದ್ದನಂತೆ. ಸಾಬಣ್ಣನ ಕೈಯಿಂದ ಪಾನಾ ಎರಡು ಸಲ ಜಾರಿ ಬಿತ್ತು. ಎರಡನೇ ಸಲ ಎತ್ತಿಕೊಟ್ಟವನು ಯಜಮಾನ ಚಿತ್ರಲಿಂಗಪ್ಪ. ಕೊಟ್ಟು, ಪಕ್ಕದಲ್ಲೇ ಕೂತ್ಕೊಂಡನಂತೆ.

ಆಮೇಲೆ ಬಂದರು ನೋಡಿ ಜನ, ದೇಶದೇಶದಿಂದ. ಬೆಟ್ಟ ಎಲ್ಲಿ ಅಂತ ಕೇಳ್ತಿರಲಿಲ್ಲವಂತೆ, ಆ ಸಾಬಣ್ಣ ಎಲ್ಲಿ ಅಂತ ಕೇಳ್ತಿದ್ದರಂತೆ. ಗುಳೆ ಹೋದವರ ಮನೆ ಬಾಗಿಲು ಮತ್ತೆ ತೆರೆದವು. ಬುಡೇನ್ ಸಾಬ ಅವತ್ತಿಂದ ಸಾಯೋತನಕ ಹೊಂಗೆಮರದ ಕೆಳಗಲ್ಲ, ಬೆಟ್ಟದ ನೆತ್ತಿಯಲ್ಲೇ ನಿಂತು ಒಂದೊಂದು ಸೈಕಲ್ಲನ್ನೂ ನೋಡಿ ಬಿಟ್ಟನಂತೆ. ಸಾವಿರ ಸೈಕಲ್ಲು ಅಂತಾರೆ, ಲಕ್ಷ ಅಂತಾರೆ. ಒಬ್ಬರೂ ಬೀಳಲಿಲ್ಲ ಅಂತಾರೆ. ಬಿದ್ದಿರಬಹುದು ಬಿಡಿ, ಬೆಟ್ಟ ಅಲ್ಲವೇ. ಬ್ರೇಕು ಹಿಡೀದೆ ಬಿದ್ದವರು ಇಲ್ಲ, ಅದು ಖರೆ.

ಈಗ ಎಮ್ಮೆಗುಂಡಿನ ನೆತ್ತಿಗೆ ಹೋಗಿ ನೀವೇ ನೋಡಿ. ಅಲ್ಲಿ ಯಾರೂ ತಮ್ಮ ಸೈಕಲ್ಲನ್ನ ತಾವು ನೋಡ್ಕೊಳ್ಳಲ್ಲ. ಹಿಂದೆ ನಿಂತವರದನ್ನ ನೋಡ್ತಾರೆ. ಚಕ್ರ ತಿರುಗಿಸಿ, ಬ್ರೇಕು ಒತ್ತಿ, ಅವರ ಮುಖ ನೋಡಿ, ನಾನು ನೋಡಿದೀನಿ ಅಂತ ಬಾಯಿಬಿಟ್ಟು ಹೇಳ್ತಾರೆ. ಪರದೇಶದವರೂ ಅಷ್ಟು ಕನ್ನಡ ಕಲಿತು ಹೇಳ್ತಾರೆ. ಬ್ರೇಕು ಸರಿಯಿಲ್ಲದಿದ್ದರೆ ಆ ಸೈಕಲ್ಲಿನವರು ಒಬ್ಬರೇ ನಡ್ಕೊಂಡು ಇಳಿಯಲ್ಲ. ನೋಡಿದವರೂ ತಮ್ಮ ಒಳ್ಳೇ ಸೈಕಲ್ಲನ್ನ ತಳ್ಕೊಂಡು, ಅವರ ಜೊತೆ ಅಜ್ಜಿಬಂಡೆ ದಾಟೋತನಕ ನಡೀತಾರೆ.