ಬರುವ ದಾರಿಯ ಹಲಗೆ

"ಕೇಳಿರಪ್ಪೋ ಕೇಳಿರಿ! ಮಹಾರಾಜ ಸಿರಿಪಾಲರ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ! ತಪ್ಪಿದವರಿಗೆ ಶೂಲ! ಯಾರೂ ಬಿಡಿಸದಿದ್ದರೆ ಹುಣ್ಣಿಮೆಗೆ ಓಲೆಕಾರ ಕೆಂಚನಿಗೂ ಶೂಲ!"

ಡಂಗುರ ಕೇಳಿದಾಗ ಕೆಂಚನ ತಮ್ಮ ಮಾಲಿಂಗ ಹಗ್ಗ ಹೊಸೆಯುತ್ತಿದ್ದ. ಅರ್ಧಕ್ಕೆ ಬಿಟ್ಟು ಎದ್ದ.

ಗಡಿಕೋಟೆಯನ್ನು ಶತ್ರು ಮುತ್ತಿದ್ದಾಗ ಒಳಗೆ ಯುವರಾಜನಿದ್ದ. "ಸೈನ್ಯ ಕಳಿಸಲೇ?" ಎಂದು ರಾಜ ಓಲೆ ಬರೆದ. ಉತ್ತರ ಬರಲಿಲ್ಲ. ಕಾಯುತ್ತಿರುವಾಗಲೇ ಕೋಟೆ ಬಿತ್ತು, ಮಗ ಸತ್ತ. ದಾರಿಯುದ್ದಕ್ಕೂ ಓಲೆ ಕೈ ಬದಲಾಗುವ ಕಟ್ಟೆಗಳಿದ್ದವು; ಕೊನೆಯ ಕಟ್ಟೆಯಿಂದ ಕೋಟೆಗೆ ಓಲೆ ಒಯ್ದವನು ಕೆಂಚ. "ಮುಟ್ಟಿಸಿದೆ, ಉತ್ತರ ತಂದು ಕಟ್ಟೆಗೆ ಕೊಟ್ಟೆ" ಎಂದು ಅವನು ಆಣೆ ಮಾಡಿದ. ಆ ಕಟ್ಟೆ ಸುಟ್ಟುಹೋಗಿತ್ತು. ಯಾರೂ ನಂಬಲಿಲ್ಲ.

ಅರಮನೆಯ ಹಿಂದೆ ಹೊಸ ಓಲೆಕಾರರು ಕಲಿಯುವ ಅಂಗಳವಿತ್ತು. ರಾಜ್ಯದ ದಾರಿಗಳನ್ನೆಲ್ಲ ಅಲ್ಲಿ ಚಿಕ್ಕದಾಗಿ ಮಾಡಿದ್ದರು. ಕಟ್ಟೆಗೊಂದು ಕಲ್ಲು, ಕಲ್ಲಿಗೊಂದು ಹಲಗೆ. ಯಾವ ಊರಿನ ಓಲೆ ಮುಂದೆ ಯಾವ ಕಟ್ಟೆಗೆ ಹೋಗಬೇಕೆಂದು ಹಲಗೆ ಹೇಳುತ್ತಿತ್ತು. ಹಲಗೆಯಲ್ಲಿಲ್ಲದ ಊರಿನ ಓಲೆಯನ್ನು ಯಾರೂ ಕದಲಿಸುವಂತಿರಲಿಲ್ಲ. ಹೊರಗಿನ ಹಲಗೆ ಬದಲಾದರೆ ಅಂಗಳದ್ದೂ ಬದಲಾಗಬೇಕು. ಒಗಟುಗಳಿದ್ದದ್ದು ಅಲ್ಲೇ.

ಸಾಲಿನಲ್ಲಿ ಮಾಲಿಂಗನ ಮುಂದೆ ಪಾಳೇಗಾರನ ಮಗ ದೇವರಸ ನಿಂತಿದ್ದ. "ಹಗ್ಗದವನೇ, ನಿನ್ನ ಹಗ್ಗ ತಂದಿದ್ದರೆ ಶೂಲದ ಖರ್ಚು ಉಳೀತಿತ್ತಲ್ಲೋ" ಎಂದು ನಕ್ಕ.

ಒಬ್ಬೊಬ್ಬರನ್ನೇ ಅಂಗಳದೊಳಕ್ಕೆ ಬಿಡುತ್ತಿದ್ದರು. ದೇವರಸ ಎರಡು ಒಗಟು ಗೆದ್ದ. ಮೂರನೆಯದಕ್ಕೆ, "ಪ್ರಭು, ಯುವರಾಜರಿಗೆ ತಮ್ಮ ಮೇಲೆ ಮುನಿಸು, ಉತ್ತರ ಬರೆಯಲಿಲ್ಲ" ಎಂದ. ರಾಜನ ಮುಖ ಬೂದಿಯಾಯಿತು. ದೇವರಸನನ್ನು ಎಳೆದೊಯ್ದರು. ಅವನು ಅಮ್ಮನನ್ನು ಕರೆಯುತ್ತಿದ್ದ.

ಮಾಲಿಂಗ ಮುಂದೆ ಬಂದ.

"ಇಬ್ಬರು ಓಡುತ್ತಾರೆ, ಇಬ್ಬರೂ ದಣಿಯುತ್ತಾರೆ, ಓಲೆ ಊರು ಸೇರುವುದಿಲ್ಲ. ಯಾಕೆ?" ಎಂದು ರಾಜ ಕೇಳಿದ.

ಮಾಲಿಂಗ ಕಲ್ಲಿನಿಂದ ಕಲ್ಲಿಗೆ ನಡೆದ. "ಈ ಹಲಗೆ ಅವನಿಗೆ ಕೊಡು ಅನ್ನುತ್ತೆ, ಅದು ಇವನಿಗೆ ಕೊಡು ಅನ್ನುತ್ತೆ, ಬುದ್ಧಿ. ಓಲೆ ಇಬ್ಬರ ಮಧ್ಯೆಯೇ ಸುತ್ತುತ್ತೆ."

"ಎಲ್ಲ ಓಲೆಯೂ ಒಬ್ಬನ ಮನೆಗೆ ಹೋಗುತ್ತದೆ, ಯಾವುದೂ ಹೊರಗೆ ಬರುವುದಿಲ್ಲ. ಅವನು ಕಳ್ಳನಲ್ಲ. ಯಾರು?"

"ಈ ಹೊಳೆಯ ಕಟ್ಟೆಯವನು. ಎಲ್ಲ ಊರಿಗೂ ನನ್ನ ದಾರಿಯೇ ಹತ್ತಿರ ಅಂತ ಸುತ್ತಲಿನವರಿಗೆ ಹೇಳಿಟ್ಟಿದ್ದಾನೆ. ಆದರೆ ಅವನ ಸೇತುವೆಯೇ ಬಿದ್ದಿದೆ, ಓಲೆ ದಾಟೋದಿಲ್ಲ."

ರಾಜನ ದನಿ ಇಳಿಯಿತು. "ಗಡಿಕೋಟೆಗೆ ಓಲೆ ಹೋಯಿತು. ಉತ್ತರ ಬರಲಿಲ್ಲ. ತಪ್ಪು ಯಾರದು?"

ಮಾಲಿಂಗ ರಾಜಧಾನಿಯ ಕಲ್ಲಿನಿಂದ ಕೋಟೆಯ ಕಲ್ಲಿನವರೆಗೆ ನಡೆದ. ಎಲ್ಲ ಹಲಗೆಯಲ್ಲೂ ಕೋಟೆಯ ದಾರಿ ಸರಿಯಿತ್ತು. ಅಲ್ಲಿಂದ ತಿರುಗಿದ.

"ಎಲ್ಲಿಗೆ?"

"ಹಿಂದಕ್ಕೆ, ಬುದ್ಧಿ. ಮನೆ ಬಿಡುವಾಗ ನಾವು ಹೋಗ್ತೀನಿ ಅನ್ನಲ್ಲ, ಹೋಗಿ ಬರ್ತೀನಿ ಅಂತೀವಿ. ಇಲ್ಲಿ ಎಲ್ಲರೂ ಹೋಗೋದನ್ನಷ್ಟೇ ನೋಡಿದರು."

ಕೊನೆಯ ಕಟ್ಟೆಯ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಇಲ್ಲಿ ರಾಜಧಾನಿಯ ಹೆಸರು ಕೆರೆದು ತೆಗೆದಿದ್ದಾರೆ. ಉತ್ತರ ಕೋಟೆಯಿಂದ ಹೊರಟಿದೆ. ಇಲ್ಲಿಂದ ಮುಂದೆ ಅದಕ್ಕೆ ದಾರಿಯಿಲ್ಲ. ನಮ್ಮಣ್ಣ ಸುಳ್ಳಾಡಿಲ್ಲ."

"ಕೆರೆದವರು ಯಾರು?"

ಮಂತ್ರಿ ತಲೆ ಎತ್ತಲಿಲ್ಲ. "ಯುದ್ಧ ಶುರುವಾದಾಗ... ಶತ್ರುವಿಗೆ ರಾಜಧಾನಿಯ ದಾರಿ ತಿಳಿಯಬಾರದೆಂದು ಅಪ್ಪಣೆಯಾಗಿತ್ತು. ತಮ್ಮದೇ, ಪ್ರಭು."

ರಾಜ ಮರಳಿನ ಮೇಲೆ ಕುಳಿತುಬಿಟ್ಟ.

"ಹಾಗಾದರೆ ಅವನು ಬರೆದಿದ್ದ."

"ಬರೆದಿದ್ದರು, ಬುದ್ಧಿ."

"ಏನಂತ?"

"ಅದು ನನಗೆ ಗೊತ್ತಿಲ್ಲ."

ರಾಜ ಎದ್ದು ಅಂದ, "ಅರ್ಧ ರಾಜ್ಯ ನಿನ್ನದು."

"ನನಗೆ ಅಣ್ಣ ಸಾಕು."

ಕೆಂಚನನ್ನು ಬಿಟ್ಟರು. ಸೆರೆಯಲ್ಲಿ ಅವನ ಕಾಲು ಸೋತಿತ್ತು. ಮಾಲಿಂಗ ಬೆನ್ನಿಗೆ ಹಾಕಿಕೊಂಡು ಮನೆಗೆ ಕರೆದೊಯ್ದ.

ರಾಜ ಶೂಲಗಳನ್ನು ಕೀಳಿಸಿ ಗಡಿಯ ದಾರಿ ಹಿಡಿದ. ಪ್ರತಿ ಕಟ್ಟೆಯ ಹಲಗೆಯ ಮೇಲೂ ರಾಜಧಾನಿಯ ಹೆಸರನ್ನು ತಾನೇ ಬರೆದ; ಸುಟ್ಟ ಕಟ್ಟೆಗೆ ಹೊಸ ಹಲಗೆ ಇಡಿಸಿದ. ಶತ್ರು ಸುಟ್ಟು ಬಿಟ್ಟುಹೋದ ಕೋಟೆಯವರೆಗೂ ಬರೆಯುತ್ತಾ ಹೋದ. ಈಗ ಅಲ್ಲಿಂದ ಹೊರಟ ಓಲೆ ಎಲ್ಲೂ ನಿಲ್ಲದೆ ಅರಮನೆ ಸೇರುವಂತಾಯಿತು. ಕಳಿಸಲು ಅಲ್ಲಿ ಯಾರೂ ಇರಲಿಲ್ಲ.